ಸ್ಯಾಂಪಲ್ ಮೂವತ್ತೊಂದು

ಇದನ್ನು ಬರೆಯಲು ಕೂತಿರುವಾಗ ನನ್ನ ಮುಂದೆ ಮೂರು ಡೈರಿಗಳಿವೆ: 1995, 1996 ಮತ್ತು 1997ರವು. ಮೂರನ್ನೂ ಓದಿದ ಮೇಲೆ, ಇಲ್ಲಿ ಬರುವ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು ಅನ್ನಿಸಿತು. ನನಗೆ ಚೆನ್ನಾಗಿ ನೆನಪಿರುವ ಎಷ್ಟೋ ಮಾತುಗಳು ಡೈರಿಯಲ್ಲಿಲ್ಲ. ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿರುವ ಕೆಲವು ಸಂಗತಿಗಳು ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ಒಂದು ಕಡೆಯಂತೂ ಎರಡೂ ಒಂದಕ್ಕೊಂದು ವಿರುದ್ಧವಾಗಿ ಸಾಕ್ಷಿ ಹೇಳುತ್ತವೆ. ಆ ಜಾಗ ಬಂದಾಗ ಹೇಳುತ್ತೇನೆ.

1995ರ ಜೂನ್‌ನಲ್ಲಿ ನಾನು ಮೈಸೂರಿನ ಒಂದು ಪ್ರಯೋಗಾಲಯಕ್ಕೆ ಸಂಶೋಧನಾ ಸಹಾಯಕಿಯಾಗಿ ಸೇರಿದೆ. ಬಯೊಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದೆ, ವಯಸ್ಸು ಇಪ್ಪತ್ತೆಂಟು. ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಕೋಣೆ ಬಾಡಿಗೆಗೆ ಹಿಡಿದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ನಮ್ಮ ಪ್ರಾಜೆಕ್ಟಿನ ವಿಷಯ ಹೊಟ್ಟೆಯ ಕ್ಯಾನ್ಸರ್. ಕೆಲವರ ಗೆಡ್ಡೆ ಜಠರದಲ್ಲೇ ಉಳಿಯುತ್ತದೆ, ಕತ್ತರಿಸಿ ತೆಗೆದರೆ ಮುಗಿಯಿತು. ಇನ್ನು ಕೆಲವರದ್ದು ತೆಗೆದ ಮೇಲೂ ಯಕೃತ್ತಿಗೋ ಹೊಟ್ಟೆಯೊಳಗಿನ ಪೊರೆಗೋ ಹೋಗಿ ಕೂರುತ್ತದೆ. ಈ ಎರಡು ಬಗೆಯ ಗೆಡ್ಡೆಗಳ ಒಳಗೆ ಇರುವ ವ್ಯತ್ಯಾಸವೇನು ಎಂಬುದೇ ನಮ್ಮ ಪ್ರಶ್ನೆ.

ಇದನ್ನು ಅರ್ಥ ಮಾಡಿಕೊಳ್ಳಲು ತಾಲ್ಲೂಕು ಕಚೇರಿಯನ್ನು ನೆನೆಸಿಕೊಂಡರೆ ಸಾಕು. ಮೂಲ ರಿಜಿಸ್ಟರು ಬೀರುವಿನಿಂದ ಹೊರಗೆ ಬರುವುದಿಲ್ಲ, ಬೇಕಾದ ಪುಟದ ನಕಲು ಮಾತ್ರ ಹೊರಗೆ ಹೋಗುತ್ತದೆ. ಜೀವಕೋಶದಲ್ಲಿ ಡಿಎನ್‌ಎ ಆ ಮೂಲ ರಿಜಿಸ್ಟರು, ಆರ್‌ಎನ್‌ಎ ಅದರ ನಕಲು. ಆ ನಕಲನ್ನು ಓದಿಕೊಂಡು ಕೋಶವು ಪ್ರೋಟೀನ್ ತಯಾರಿಸುತ್ತದೆ. ಮೈಯಲ್ಲಿ ನಡೆಯುವ ಕೆಲಸವನ್ನೆಲ್ಲ ಮಾಡುವುದು ಪ್ರೋಟೀನು ಎಂದು ನಮಗೆ ಪಾಠ ಹೇಳಿದ್ದರು. ಪ್ರೋಟೀನ್ ತಯಾರಿಸದ ಆರ್‌ಎನ್‌ಎ ಕೂಡ ಇದೆ, ಅಂದರೆ ಯಾರೂ ಓದದ ನಕಲು, ಎಂಬುದು ಆಗಲೂ ಗೊತ್ತಿತ್ತು. ಅವುಗಳಲ್ಲಿ ಒಂದೆರಡರ ಕೆಲಸ ಹಳೆಯ ಪುಸ್ತಕಗಳಲ್ಲೂ ಇತ್ತು. ಉಳಿದವನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಆರ್‌ಎನ್‌ಎ ಬಹಳ ಸೂಕ್ಷ್ಮ. ನಮ್ಮ ಬೆರಳಿನಲ್ಲಿ, ಬೆವರಿನಲ್ಲಿ, ಎಂಜಲಿನಲ್ಲಿ ಅದನ್ನು ಹಾಳು ಮಾಡುವ ಕಿಣ್ವವಿರುತ್ತದೆ. ಅದಕ್ಕೇ ಶಸ್ತ್ರಚಿಕಿತ್ಸೆ ನಡೆಯುವಾಗ ನಾನು ಥಿಯೇಟರಿನ ಬಾಗಿಲಲ್ಲಿ ದ್ರವ ಸಾರಜನಕದ ಫ್ಲಾಸ್ಕ್ ಹಿಡಿದು ನಿಂತಿರುತ್ತಿದ್ದೆ. ಸರ್ಜನ್ ಅವರೆಕಾಳಿನಷ್ಟು ಗಾತ್ರದ ಚೂರು ಕೊಟ್ಟ ತಕ್ಷಣ ಅದನ್ನು ಫ್ಲಾಸ್ಕಿಗೆ ಹಾಕಬೇಕು. ಮುಂದೆ ಬೆಂಚಿನ ಮೇಲೆ ಟ್ಯೂಬ್ ತೆರೆದಾಗ ಯಾರೂ ಮಾತಾಡಬಾರದು ಎಂಬುದು ನಮ್ಮ ಗೈಡ್ ಹಾಕಿದ್ದ ನಿಯಮ.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಬರುತ್ತಿರಲಿಲ್ಲ. ನನಗೆ ಇನ್ನೊಂದು ಕೆಲಸವೂ ಇತ್ತು, ಅದಕ್ಕೆ ಫಾಲೋ-ಅಪ್ ಎನ್ನುತ್ತಿದ್ದರು. ಆಪರೇಷನ್ ಆದವರ ಮನೆಗೆ ಮೂರು ತಿಂಗಳಿಗೊಮ್ಮೆ ಹೋಗಿ ಒಂದು ಕಾರ್ಡು ತುಂಬಿಕೊಂಡು ಬರಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ತೂಕ, ಊಟ, ನೋವು, ರೋಗ ಮರುಕಳಿಸಿದೆಯೇ, ಎಲ್ಲಿಗೆ ಹರಡಿದೆ ಎಂಬ ಕಾಲಂಗಳು. ಕೊನೆಯ ಕಾಲಂ: 'ರೋಗಿಗೆ ರೋಗದ ಹೆಸರು ತಿಳಿದಿದೆಯೇ?' ನಾನು ತುಂಬಿದ ಕಾರ್ಡುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಅಲ್ಲಿ 'ಇಲ್ಲ' ಎಂದಿದೆ.

ಆಗ ನಮ್ಮ ಕಡೆ ಇದ್ದ ಕ್ರಮವೇ ಅದು. ಡಾಕ್ಟರು ರೋಗಿಯ ಗಂಡನನ್ನೋ ಮಗನನ್ನೋ ಕಾರಿಡಾರಿಗೆ ಕರೆದು ವಿಷಯ ಹೇಳುತ್ತಿದ್ದರು. ಅವರು ಒಳಗೆ ಬಂದು ರೋಗಿಗೆ 'ಹೊಟ್ಟೇಲಿ ಹುಣ್ಣಾಗಿತ್ತಂತೆ, ತೆಗೆದರಂತೆ' ಎನ್ನುತ್ತಿದ್ದರು. ಒಪ್ಪಿಗೆ ಪತ್ರಕ್ಕೂ ಅವರದ್ದೇ ಸಹಿ. ನಾನು ಮನೆಗೆ ಹೋದರೆ 'ಹುಣ್ಣಿನ ಡಾಕ್ಟ್ರು ಬಂದರು' ಎಂದು ಪರಿಚಯಿಸುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ.

ಬೆಳಗೊಳದಲ್ಲಿ ಒಬ್ಬ ಅಜ್ಜ ಇದ್ದರು. ನಾನು ಹೋದರೆ ಜಗಲಿಯ ಮೇಲಿಂದಲೇ ಕೂಗುತ್ತಿದ್ದರು: "ಏನವ್ವಾ, ಬದುಕಿವ್ನೋ ಸತ್ತಿವ್ನೋ ಅಂತ ನೋಡ್ಕಂಡೋಗಕ್ಕೆ ಬಂದ್ಯಾ? ಬದುಕಿವ್ನಿ ಅಂತ ಬರ್ಕೋ. ಕೆಂಪು ಇಂಕಲ್ಲಿ ಬರ್ಕೋ."

ಒಂದು ಸಲ ಸೊಸೆ ಕಾಫಿ ತರಲು ಒಳಗೆ ಹೋದಾಗ ನನ್ನ ಕಡೆ ಬಾಗಿ, "ನನ್ನ ಕಾಯ್ಲೆ ಏನು ಅಂತ ಮನೇರ್ಗೆ ಯೋಳ್ಬುಟ್ಟೀಯ, ಜೋಕೆ. ಪಾಪ, ಉಣ್ಣು ಅಂತ ನಂಬ್ಕಂಡವ್ರೆ" ಎಂದರು.

ಆವತ್ತು ಕೊನೆಯ ಕಾಲಂನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಮತ್ತೆ 'ಇಲ್ಲ' ಎಂದೇ ಬರೆದೆ. ಈ ಕ್ರಮವನ್ನು ಅನುಮಾನಿಸಲು ನನಗೆ ಸಿಕ್ಕ ಮೊದಲ ಅವಕಾಶ ಅದು. ಬಸ್ಸಿನಲ್ಲಿ ನಗುತ್ತಾ ವಾಪಸು ಬಂದೆ.

1996ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ನನ್ನ ಚಿಕ್ಕಪ್ಪ ಚನ್ನೇಗೌಡರು ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದರು. ಇವರು ನನ್ನ ಅವ್ವನ ತಂಗಿ ಸಾಕಮ್ಮನ ಗಂಡ, ಪಾಂಡವಪುರದ ಹತ್ತಿರ ಕ್ಯಾತನಹಳ್ಳಿಯವರು. ಕಬ್ಬು, ನಾಲ್ಕು ಹಸು, ಬೆಳಿಗ್ಗೆ ಡೈರಿಗೆ ಹಾಲು, ಇದೇ ಅವರ ಪ್ರಪಂಚ. ಮೈಸೂರಿಗೆ ಬಂದರೆ ಮಧ್ಯಾಹ್ನದ ಬಸ್ಸಿಗೇ ಹೊರಟುಬಿಡುವ ಮನುಷ್ಯ.

"ಪದ್ಮ, ನಿಮ್ ಚಿಕ್ಕವ್ವ ಮುದ್ದೆ ಬುಟ್ಟು ಎರಡು ತಿಂಗ್ಳಾಯ್ತು ಕಣವ್ವ. ಗಂಟ್ಲಲ್ಲಿ ಇಳೀತದೆ, ಒಟ್ಟೇಲಿ ನಿಲ್ಲಲ್ಲ. ಮೈಯೆಲ್ಲಾ ಇಳ್ದೋಗದೆ. ನೀನು ಇಲ್ಲೇ ಡಾಕ್ಟ್ರಾಗಿದ್ದೀಯಲ್ಲ, ಒಸಿ ನೋಡು."

ನಾನು ಡಾಕ್ಟರಲ್ಲ ಎಂದು ಆಗಲೂ ಹೇಳಲಿಲ್ಲ. ಎಂಡೋಸ್ಕೋಪಿ ಆಯಿತು, ಬಯಾಪ್ಸಿ ಆಯಿತು. ರಿಪೋರ್ಟಿನಲ್ಲಿ ಏನಿರುತ್ತದೆಂದು ಚಿಕ್ಕವ್ವನ ಕೈಯ ಮೂಳೆ ನೋಡಿದಾಗಲೇ ನನಗೆ ಅನ್ನಿಸಿತ್ತು. ಹಾಗೆಂದು ಈಗ ನನಗೆ ನೆನಪು. ಡೈರಿಯಲ್ಲಿ ಹಾಗೇನೂ ಬರೆದಿಲ್ಲ.

ಮುಂದಿನದು ತಿಳಿಯಲು ಅವ್ವ ಮತ್ತು ಚಿಕ್ಕವ್ವನ ನಡುವೆ ನಡೆದದ್ದನ್ನು ಹೇಳಬೇಕು. ಇಬ್ಬರೂ ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಹೆಣ್ಣುಮಕ್ಕಳು. ಅವ್ವನನ್ನು ನಾಗಮಂಗಲದ ಕಡೆ ಕೊಟ್ಟಿದ್ದರು. ಅದಕ್ಕೆ ಆರು ವರ್ಷಗಳ ಹಿಂದೆ ಅಜ್ಜಿ ಕಾಯಿಲೆ ಬಿದ್ದಾಗ ಚಿಕ್ಕವ್ವ ತವರಿಗೆ ಹೋಗಿ ನೋಡಿಕೊಂಡಳು. 'ದೊಡ್ಡೋಳಿಗೆ ಯೋಳ್ಬೇಡಿ, ಸುಮ್ನೆ ಗಾಬರಿ ಬೀಳ್ತಾಳೆ' ಎಂದು ಅಜ್ಜಿಯೇ ಹೇಳಿದಳಂತೆ. ಅಜ್ಜಿ ತೀರಿಕೊಂಡ ದಿನ ಸುದ್ದಿ ನಾಗಮಂಗಲ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅವ್ವ ಸಂತೆಬಾಚಹಳ್ಳಿಯಲ್ಲಿ ಬಸ್ಸಿಳಿದಾಗ ಕತ್ತಲಾಗಿತ್ತು. ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಬೇಕೆಂದು ಊರಿನವರು ಮುಗಿಸಿಬಿಟ್ಟಿದ್ದರು.

"ನಮ್ಮವ್ವುಂಗೆ ಒಂದಿಡಿ ಮಣ್ಣಾಕಕ್ಕೂ ಬುಡ್ಲಿಲ್ವಲ್ಲೇ ಸಾಕಿ" ಎಂದು ಅವ್ವ ಆವತ್ತು ಅಂಗಳದಲ್ಲಿ ನಿಂತು ಹೇಳಿದ್ದು ನನಗೆ ಕೇಳಿಸುವಷ್ಟು ಹತ್ತಿರದಲ್ಲಿ ನಾನಿದ್ದೆ. ಅಂದಿನಿಂದ ಆರು ವರ್ಷ ಅಕ್ಕತಂಗಿಯರಲ್ಲಿ ಮಾತಿಲ್ಲ, ಒಬ್ಬರ ಮನೆಯಲ್ಲಿ ಒಬ್ಬರು ನೀರೂ ಕುಡಿದಿರಲಿಲ್ಲ.

ಫೆಬ್ರವರಿ 20, ಮಂಗಳವಾರ ಚಿಕ್ಕವ್ವನ ಆಪರೇಷನ್ ಆಯಿತು. ನಿಮ್ಮ ಸಂಬಂಧಿಕರಾದ್ದರಿಂದ ಇವತ್ತು ಬೇರೆಯವರು ನಿಲ್ಲಲಿ ಎಂದು ಗೈಡ್ ಹೇಳಿದ್ದರು. ನಾನೇ ನಿಂತೆ. ಯಾಕೆ ನಿಂತೆ ಎಂದು ಈಗ ಕೇಳಿಕೊಂಡರೆ ಎರಡು ಉತ್ತರ ಬರುತ್ತವೆ. ಒಂದು, ಅವಳ ಹತ್ತಿರ ಇರಬೇಕೆನ್ನಿಸಿತು. ಇನ್ನೊಂದು, ಸ್ಯಾಂಪಲ್ ಹಾಳಾಗಬಾರದು ಎನ್ನಿಸಿತು. ಯಾವುದು ಮೊದಲು ಬಂದದ್ದೋ ಗೊತ್ತಿಲ್ಲ. ಟ್ಯೂಬಿನ ಮೇಲೆ 31 ಎಂದು ಬರೆದೆ.

ಸರ್ಜನ್ ಹೊರಗೆ ಬಂದು ಚಿಕ್ಕಪ್ಪನನ್ನೂ ನನ್ನನ್ನೂ ಕಾರಿಡಾರಿನ ಕಿಟಕಿ ಹತ್ತಿರ ಕರೆದರು. ಗೆಡ್ಡೆ ತೆಗೆದಿದ್ದೇವೆ, ಆದರೆ ಪಕ್ಕದ ದುಗ್ಧಗ್ರಂಥಿಗಳು ಗಟ್ಟಿಯಾಗಿವೆ, ತಿರುಗಿ ಬರುವ ಸಂಭವವೇ ಹೆಚ್ಚು, ಒಂದು ವರ್ಷ ಅಂದುಕೊಳ್ಳಿ ಎಂದರು. ಅವರು ಹೋದ ಮೇಲೆ ಚಿಕ್ಕಪ್ಪ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದರು:

"ಅವ್ಳಿಗೆ ಉಣ್ಣು ಅಂತ ಯೋಳ್ತೀನಿ. ನೀನೂ ಅಂಗೇ ಯೋಳ್ಬೇಕು. ಇನ್ನೊಂದು ಮಾತು ಮಗಾ, ನಿಮ್ಮವ್ವುಂಗೂ ಯೋಳ್ಬೇಡ."

"ಯಾಕೆ ಚಿಕ್ಕಪ್ಪ? ಅವ್ವ ಗೊತ್ತಾದ್ರೆ ಓಡಿ ಬರ್ತಾಳೆ."

"ಅದುಕ್ಕೇ ಕಣವ್ವ. ಆರು ವರ್ಷ ಈ ಕಡೆ ತಲೆ ಹಾಕ್ದೋಳು ಇದ್ದಕ್ಕಿದ್ದಂಗೆ ಬಂದು ಬಾಗ್ಲಲ್ಲಿ ನಿಂತ್ರೆ ಇವ್ಳಿಗೆ ಗೊತ್ತಾಗಕಿಲ್ವಾ, ನಾನು ಸಾಯ್ತೀನಿ ಅಂತ? ಅವ್ಳೇನು ದಡ್ಡಿಯಾ?"

ಇವತ್ತಿಗೂ ಆ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಒಬ್ಬರಿಂದ ಮುಚ್ಚಿಡಲು ಹೊರಟರೆ ಇನ್ನೊಬ್ಬರಿಂದಲೂ ಮುಚ್ಚಿಡಲೇಬೇಕಾಗಿತ್ತು. ಆಗಲಿ ಎಂದೆ.

ಮೇ ತಿಂಗಳಲ್ಲಿ ಮೊದಲ ಫಾಲೋ-ಅಪ್‌ಗೆ ಕ್ಯಾತನಹಳ್ಳಿಗೆ ಹೋದೆ. ಚಿಕ್ಕವ್ವ ಕೊಟ್ಟಿಗೆಯ ಮುಂದೆ ಕೂತು ಹಸುವಿಗೆ ಕಬ್ಬಿನ ಸೋಗೆ ಹಾಕುತ್ತಿದ್ದಳು. ತೂಕ ಎರಡು ಕೆ.ಜಿ. ಹೆಚ್ಚಿತ್ತು. ಜಠರದ ಬಹುಭಾಗ ತೆಗೆದವರು ಒಂದೇ ಸಲ ಹೊಟ್ಟೆ ತುಂಬಾ ತಿನ್ನಲಾಗದು, ಸ್ವಲ್ಪಸ್ವಲ್ಪವೇ ಆರೇಳು ಸಲ ತಿನ್ನಬೇಕು. ಅದೇ ಅವಳಿಗೆ ತಮಾಷೆಯಾಗಿತ್ತು.

"ನೋಡೇ ಡಾಕ್ಟ್ರಮ್ಮ, ನಿಮ್ ಚಿಕ್ಕಪ್ಪ ಮದ್ವೆಯಾದಾಗಿಂದ ನಂಗೆ ತುತ್ತು ತಿನ್ಸಿರ್ನಿಲ್ಲ. ಈಗ ಗಂಟೆಗೊಂದು ಸಲ ತಟ್ಟೆ ಇಡ್ಕಂಡು ಇಂದೆ ಬರ್ತಾವ್ರೆ. ಮೊದ್ಲೇ ಒಂದು ಉಣ್ಣಾಗಿದ್ರೆ ಚೆನ್ನಾಗಿತ್ತು."

ಚಿಕ್ಕಪ್ಪ ಹಾಲಿನ ಕ್ಯಾನು ತೊಳೆಯುತ್ತಾ, "ಲೇ, ಸುಮ್ಕಿರೇ ಬಡ್ಡೆತ್ತದೇ" ಎಂದರು. ಬೈಗುಳವೇನೋ ಬೈಗುಳವೇ, ಆದರೆ ದನಿಯಲ್ಲಿ ಬೇರೇನೋ ಇತ್ತು. ಅವರು ಕ್ಯಾನು ಹಿಡಿದು ಹೊರಗೆ ಹೋಗುವುದನ್ನೇ ಕಾದಿದ್ದವಳಂತೆ ಚಿಕ್ಕವ್ವ ಸೋಗೆ ಕೆಳಗಿಟ್ಟಳು.

"ಅಕ್ಕ ಎಂಗವ್ಳೆ?"

"ಚೆನ್ನಾಗಿದ್ದಾಳೆ. ಮಂಡಿನೋವು ಅಂತಿರ್ತಾಳೆ."

"ನಂಗೆ ಆಪರೇಸನ್ ಆಗದ್ದು ಗೊತ್ತಾ?"

"ಇಲ್ಲ."

"ಒಳ್ಳೇದಾಯ್ತು ಬುಡು." ಮಡಿಲಿಗೆ ಬಿದ್ದಿದ್ದ ಸೋಗೆಯ ಚೂರು ಕೊಡವಿ ಹೇಳಿದಳು: "ನಾನೇ ಓಗ್ತೀನಿ ಕಣೆ. ತಪ್ಪು ನಂದೂ ಅದೆ. ಅವ್ವ ಬ್ಯಾಡ ಅಂದ್ರೂ ನಾನು ಒಂದು ಕಾಗ್ದ ಆಕ್ಬೇಕಾಗಿತ್ತು. ಕಾಲು ಕಟ್ಕಂಡಾದ್ರೂ ಯೋಳಿ ಬರ್ತೀನಿ. ಆದ್ರೆ ಈಗ ಇಂಗೆ ಕಡ್ಡಿ ಆಗಿರೋವಾಗ ಓದ್ರೆ, ಕರುಣೆ ಬರ್ಸಕ್ಕೆ ಬಂದ್ಲು ಅಂತಾಳೆ. ಅಕ್ಕನ್ನ ನಾ ಕಾಣ್ನಾ? ಮೈ ಒಸಿ ಕೂಡ್ಕಳ್ಳಿ. ಯೋಳು, ನಿಂಗೆ ಗೊತ್ತಿರ್ತದಲ್ಲ, ಎಷ್ಟು ದಿನ ಬೇಕು ಮೊದ್ಲಿನಂಗಾಗಕ್ಕೆ?"

ಈ ಪ್ರಶ್ನೆ ಡೈರಿಯಲ್ಲೂ ಇದೆ, ಹಾಗಾಗಿ ಇದನ್ನು ನಂಬಬಹುದು. ನನ್ನ ಉತ್ತರವೂ ಇದೆ. "ದೀಪಾವಳಿ ಹೊತ್ತಿಗೆ" ಎಂದೆ.

ಅಷ್ಟು ಸುಲಭವಾಗಿ ಆ ಮಾತು ಎಲ್ಲಿಂದ ಬಂತೋ ತಿಳಿಯದು. ನಾಳೆಯೇ ಹೋಗು ಎನ್ನಬಹುದಿತ್ತು. ರೋಗದ ಹೆಸರನ್ನೇ ಎತ್ತದೆ, ಅವ್ವನಿಗೂ ವಯಸ್ಸಾಗುತ್ತಿದೆ ಎಂದು ಒಂದು ನೆಪ ಹೇಳಬಹುದಿತ್ತು. ನಾನು ಒಂದು ದಿನ ಗೊತ್ತು ಮಾಡಿಕೊಟ್ಟೆ. ಅವಳು ಅದನ್ನು ಡಾಕ್ಟರ ಮಾತಾಗಿ ತೆಗೆದುಕೊಂಡಳು.

ಆಗಸ್ಟ್ 21, ಬುಧವಾರ ಮತ್ತೆ ಹೋದೆ. ಚಿಕ್ಕವ್ವ ಗೋಡೆಗೆ ಒರಗಿ ಕೂತಿದ್ದಳು. ಮುಖ ಒಣಗಿತ್ತು, ಹೊಟ್ಟೆ ಮಾತ್ರ ಸೀರೆಯೊಳಗೆ ಉಬ್ಬಿತ್ತು. ಎಡಗಡೆ ಕತ್ತಿನ ಬುಡದಲ್ಲಿ ಹುಣಸೆ ಬೀಜದಷ್ಟು ಗಟ್ಟಿ ಗಂಟು. ಹೊಟ್ಟೆಯ ಪೊರೆಗೆ ರೋಗ ಹರಡಿದರೆ ಅಲ್ಲಿ ನೀರು ತುಂಬುತ್ತದೆ. ಕತ್ತಿನಲ್ಲಿ ಗಂಟು ಬಂತೆಂದರೆ ರೋಗ ದುಗ್ಧನಾಳ ಹಿಡಿದು ಅಷ್ಟು ದೂರ ಬಂದಿದೆ ಎಂದರ್ಥ. ಕಾರ್ಡಿನಲ್ಲಿ ಎರಡೂ ಕಡೆ ಗುರುತು ಹಾಕಿದೆ. ಪೆನ್ನಿನ ಕ್ಯಾಪು ಮುಚ್ಚುವಾಗ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಒಟ್ಟೆ ಊದ್ಕಂಡಿರೋದ ನಿಮ್ ಚಿಕ್ಕಪ್ಪುಂಗೆ ಯೋಳ್ಬೇಡ. ಸೆರಗು ಒದ್ಕಂಡೇ ಇರ್ತೀನಿ, ಅವ್ರು ನೋಡಿಲ್ಲ. ಎದ್ರುಕತಾರೆ."

"ಆಗಲಿ ಚಿಕ್ಕವ್ವ."

"ಅಲ್ಲ ಕಣೆ ಪದ್ಮಿ, ಯಾವ ದೀಪಾವಳಿ ನೀ ಯೋಳಿದ್ದು? ಈ ವರ್ಷದ್ದೇಯಾ?"

ನಗುತ್ತಲೇ ಕೇಳಿದಳು. ನಾನೂ ನಕ್ಕೆ. ಈ ವರ್ಷದ್ದೇ ಎಂದೆನೋ, ಏನೂ ಅನ್ನಲಿಲ್ಲವೋ, ಡೈರಿಯಲ್ಲಿ ಇಲ್ಲ. ಅವಳಿಗೆ ಗೊತ್ತಿತ್ತೇ? ಆ ನಗುವನ್ನು ನೆನೆಸಿಕೊಂಡರೆ ಕೆಲವು ದಿನ ಹೌದು ಅನ್ನಿಸುತ್ತದೆ, ಕೆಲವು ದಿನ ಇಲ್ಲ ಅನ್ನಿಸುತ್ತದೆ. ಕಾರ್ಡಿನ ಕೊನೆಯ ಕಾಲಂನಲ್ಲಿ ಮಾತ್ರ 'ಇಲ್ಲ' ಎಂದಿದೆ.

ಹೊರಗೆ ಬಂದು ಚಿಕ್ಕಪ್ಪನಿಗೆ ಹೇಳಿದೆ: "ಇನ್ನು ತಡ ಮಾಡೋದು ಬೇಡ. ಅವ್ವನಿಗೆ ಹೇಳ್ತೀನಿ."

"ಗೌರಿ ಅಬ್ಬ ಒಂದು ಕಳೀಲಿ ಮಗಾ." ಅವರು ನನ್ನ ಮುಖ ನೋಡಲಿಲ್ಲ. "ಮೊನ್ನೆ ಅರ್ಧ ಇಡ್ಲಿ ತಿಂದ್ಲು."

ಆದರೂ ಆಗಸ್ಟ್ 25, ಭಾನುವಾರ ನಾಗಮಂಗಲದ ಬಸ್ಸು ಹತ್ತಿದೆ. ಹೇಳಿಯೇ ಬಿಡಬೇಕೆಂದು ಹೊರಟಿದ್ದೆ. ಅಪ್ಪ ಹೊಲಕ್ಕೆ ಹೋಗಿದ್ದರು. ಅವ್ವ ಪಡಸಾಲೆಯಲ್ಲಿ ಮೊರದ ತುಂಬಾ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನೂ ಎದುರಿಗೆ ಕೂತು ಆರಿಸತೊಡಗಿದೆ.

"ಮೊನ್ನೆ ಕ್ಯಾತನಹಳ್ಳಿ ಕಡೆ ಹೋಗಿದ್ದೆ" ಎಂದೆ.

"ಆ ಸಾಕಿ ಸುದ್ದಿ ನನ್ನ ಮುಂದೆ ಎತ್ಬೇಡ."

ಮೊರ ಒಂದೆರಡು ಸಲ ಕೇರಿದಳು. ಹೊಟ್ಟು ಹಾರಿತು. ತಲೆ ಎತ್ತದೆ ಕೇಳಿದಳು: "ಚೆನ್ನಾಗವ್ಳಾ?"

ಇಡೀ ಹಾದಿ ನಾನು ಕಾದಿದ್ದದ್ದು ಈ ಪ್ರಶ್ನೆಗೇ. ನನ್ನ ಬಾಯಿಂದ "ಚೆನ್ನಾಗಿದ್ದಾಳೆ" ಎಂಬ ಮಾತು ಬಂತು.

ಅವ್ವ ಮತ್ತೆ ಕಲ್ಲು ಆರಿಸಲು ಕೂತಳು. ಆಮೇಲೆ ಮಂಡಿನೋವಿನ ಎಣ್ಣೆಯ ಮಾತು ಬಂತು, ಪಕ್ಕದ ಮನೆಯ ಎಮ್ಮೆ ಕರು ಹಾಕಿದ ಮಾತು ಬಂತು. ಸಂಜೆ ನಾಲ್ಕರ ಬಸ್ಸಿಗೆ ನಾನು ಹೊರಟೆ. ಡೈರಿಯಲ್ಲಿ ಆ ದಿನದ ಪುಟದಲ್ಲಿ ಇರುವುದು ಎರಡೇ ಪದ: 'ಊರಿಗೆ. ಹುರುಳಿ.'

ಅಕ್ಟೋಬರ್ 3, ಗುರುವಾರ ಬೆಳಿಗ್ಗೆ ಹತ್ತೂವರೆಗೆ ಲ್ಯಾಬಿಗೆ ಫೋನು ಬಂತು. ಪಿತೃಪಕ್ಷದ ದಿನಗಳು. ಚಿಕ್ಕಪ್ಪ ಪಾಂಡವಪುರದ ಟೆಲಿಫೋನ್ ಬೂತಿನಿಂದ ಮಾತಾಡುತ್ತಿದ್ದರು. "ಓದ್ಲು ಕಣವ್ವ" ಎಂದಷ್ಟೇ ಹೇಳಿದರು. ಆಮೇಲೆ, "ನಿಮ್ಮವ್ವುಂಗೆ ಯೋಳ್ಕಳ್ಸು. ಜಲ್ದಿ" ಎಂದರು.

ನಮ್ಮೂರಿನಲ್ಲಿ ಫೋನು ಇದ್ದದ್ದು ಸೊಸೈಟಿಯಲ್ಲಿ ಮಾತ್ರ. ಆ ಲೈನು ಸಿಗಲಿಲ್ಲ. ಮುಕ್ಕಾಲು ಗಂಟೆ ಪ್ರಯತ್ನಪಟ್ಟ ಮೇಲೆ ನಾಗಮಂಗಲ ಪೇಟೆಯಲ್ಲಿ ಗೊತ್ತಿದ್ದ ಒಂದು ಗೊಬ್ಬರದ ಅಂಗಡಿಗೆ ಮಾಡಿದೆ. ಅಲ್ಲಿಯವರು ಯಾರನ್ನೋ ಸೈಕಲ್ಲಿನಲ್ಲಿ ಕಳಿಸುತ್ತೇವೆ ಎಂದರು. ನಾನು ಕ್ಯಾತನಹಳ್ಳಿಗೆ ಹೊರಟೆ.

ಮೂರು ಗಂಟೆಯಾಯಿತು, ನಾಲ್ಕಾಯಿತು, ಅವ್ವ ಬರಲಿಲ್ಲ. ಗುಣಿ ತೋಡಿ ಆಗಿತ್ತು. ಹಿರಿಯರು ಒಬ್ಬೊಬ್ಬರೇ ಗೊಣಗಲು ಶುರು ಮಾಡಿದರು.

"ಎಷ್ಟೊತ್ತು ಮಡೀಕಂಡು ಕೂತ್ಕತೀಯ್ಲಾ ಚನ್ನ? ಒತ್ತು ಮುಳುಗ್ತದೆ ಕಣ್ಲಾ."

ಚಿಕ್ಕಪ್ಪ ಎದ್ದು ನಿಂತರು. ಅವರು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಮುಳುಗ್ಲಿ. ಅವ್ರಕ್ಕ ಬರೋಗಂಟ ಯಾರೂ ಕೈ ಇಕ್ಕಂಗಿಲ್ಲ. ಲಾಟೀನು ತನ್ನಿ."

ಅವ್ವ ಬಂದಾಗ ಐದೂಮುಕ್ಕಾಲು. ಹೊತ್ತು ಇನ್ನೂ ಇತ್ತು. ಯಾರ ಮುಖವನ್ನೂ ನೋಡದೆ ನೇರ ಬಂದು ತಂಗಿಯ ಪಕ್ಕ ಕೂತಳು. ಅಳಲಿಲ್ಲ. ಚಿಕ್ಕವ್ವನ ಕೈ ಎತ್ತಿ ಮಣಿಕಟ್ಟಿನ ಮೂಳೆಯ ಮೇಲೆ ಹೆಬ್ಬೆರಳು ಆಡಿಸಿದಳು. ಬಳೆ ಮೊಣಕೈವರೆಗೆ ಜಾರಿ ಹೋಯಿತು. ಅದನ್ನು ಮತ್ತೆ ಕೆಳಗೆ ತಂದಳು, ಮತ್ತೆ ಜಾರಿತು. ಇಷ್ಟು ಸೊರಗಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕುತ್ತಿದ್ದಾಳೆ ಅನ್ನಿಸಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಈ ಸಲ ಅವ್ವ ಮಣ್ಣು ಹಾಕಿದಳು. ವಾಪಸು ಬರುವಾಗ ತೋಟದ ಬದುವಿನ ಮೇಲೆ ನಾವಿಬ್ಬರೇ ಹಿಂದೆ ಉಳಿದೆವು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಫೆಬ್ರವರಿಯಿಂದ."

ಅವ್ವ ನಿಂತಳು. ಬೆರಳು ಮಡಚಿ ತಿಂಗಳು ಎಣಿಸಿದಳು. ಎಣಿಸಿ ಮುಗಿದ ಮೇಲೆ ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು. ಚಿಕ್ಕವ್ವ ದೀಪಾವಳಿಗೆ ಬರಬೇಕೆಂದಿದ್ದಳು, ತಪ್ಪು ತನ್ನದೂ ಇದೆ ಎಂದಿದ್ದಳು ಎಂದು ನಾನು ಅವಳ ಹಿಂದಿನಿಂದ ಹೇಳಿದೆ. ಕೇಳಿಸಿಕೊಂಡಳೆಂದೇ ನಂಬಿದ್ದೇನೆ. ತಿರುಗಿ ನೋಡಲಿಲ್ಲ.

ಇನ್ನು ನೆನಪಿಗೂ ಡೈರಿಗೂ ಜಗಳ ಬೀಳುವ ಜಾಗ.

ನಾವು ಹುಡುಕುತ್ತಿದ್ದದ್ದು ಪ್ರೋಟೀನ್ ತಯಾರಿಸುವ ಕೆಲವು ಆರ್‌ಎನ್‌ಎಗಳನ್ನು. ಅದಕ್ಕೆ ನಾರ್ದರ್ನ್ ಬ್ಲಾಟ್ ಎಂಬ ವಿಧಾನ ಬಳಸುತ್ತಿದ್ದೆವು. ಗೆಡ್ಡೆಯ ಆರ್‌ಎನ್‌ಎಯನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಒಂದು ಪೊರೆಗೆ ಇಳಿಸಿ, ವಿಕಿರಣದ ಗುರುತು ಹಚ್ಚಿ ಎಕ್ಸ್‌ರೇ ಫಿಲ್ಮಿನ ಮೇಲೆ ಇಟ್ಟರೆ, ಯಾವುದು ಹೇರಳವಾಗಿದೆಯೋ ಅಲ್ಲಿ ಕಪ್ಪು ಪಟ್ಟಿ ಮೂಡುತ್ತದೆ. ಬೇರೆ ಪ್ರಯೋಗಾಲಯದ ಗೆಳೆಯರೊಬ್ಬರು ಎಚ್19 ಎಂಬ ಆರ್‌ಎನ್‌ಎಯನ್ನು ಗುರುತಿಸುವ ಪ್ರೋಬ್ ಕೊಟ್ಟಿದ್ದರು. ಅದು ಪ್ರೋಟೀನ್ ತಯಾರಿಸದ ಜಾತಿಯದು. ಗರ್ಭದಲ್ಲಿರುವ ಶಿಶುವಿನಲ್ಲಿ ಹೇರಳವಾಗಿದ್ದು ಹುಟ್ಟಿದ ಮೇಲೆ ಬಹುಪಾಲು ಸುಮ್ಮನಾಗುವಂಥದ್ದು. ಕುತೂಹಲಕ್ಕೆಂದು ಅದನ್ನೂ ಒಂದು ಸಲ ಹಾಕಿ ನೋಡಿದೆ. ಮೂವತ್ತೊಂದನೆಯ ಸ್ಯಾಂಪಲ್ಲಿನ ಕಡೆ ದಟ್ಟ ಕಪ್ಪು ಪಟ್ಟಿ. ಹರಡಿದ್ದ ಬೇರೆ ಒಂದೆರಡು ಗೆಡ್ಡೆಗಳಲ್ಲೂ ಇತ್ತು, ರೋಗ ಹರಡದೆ ಉಳಿದಿದ್ದ ಬೆಳಗೊಳದ ಅಜ್ಜನದ್ದರಲ್ಲಿ ತೆಳುವಾಗಿತ್ತು.

ಗೈಡ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಏನನ್ನೂ ತಯಾರಿಸದ ಆರ್‌ಎನ್‌ಎ ಇಟ್ಟುಕೊಂಡು ಏನು ಮಾಡ್ತೀರಿ? ನಾಲ್ಕು ಸ್ಯಾಂಪಲ್ಲಿನಿಂದ ಕಥೆ ಕಟ್ಟಬೇಡಿ" ಎಂದರು. ಸ್ಯಾಂಪಲ್ ಕಡಿಮೆ ಎಂಬ ಮಾತು ಸರಿಯಾಗಿಯೇ ಇತ್ತು. ಫಿಲ್ಮು ಕವರಿಗೆ ಹೋಯಿತು.

ನನ್ನ ನೆನಪಿನ ಪ್ರಕಾರ ಇದು ನಡೆದದ್ದು ಆಗಸ್ಟಿನಲ್ಲಿ, ನಾಗಮಂಗಲಕ್ಕೆ ಹೋಗುವ ಹಿಂದಿನ ವಾರ. ಆ ಕಪ್ಪು ಪಟ್ಟಿಯನ್ನು ಕಣ್ಣಲ್ಲಿ ಇಟ್ಟುಕೊಂಡೇ ನಾನು ಅವ್ವನ ಎದುರು ಹುರುಳಿ ಆರಿಸಿದೆ ಎಂದು ವರ್ಷಗಟ್ಟಲೆ ನಂಬಿದ್ದೆ. ಆ ಕಥೆಯನ್ನು ಒಂದೆರಡು ಕಡೆ ಭಾಷಣದಲ್ಲಿ ಹೇಳಿಯೂ ಇದ್ದೇನೆ. ಡೈರಿಯಲ್ಲಿ ಆ ಫಿಲ್ಮಿನ ದಿನಾಂಕ 1997ರ ಜನವರಿ. ಅಷ್ಟು ಹೊತ್ತಿಗೆ ಚಿಕ್ಕವ್ವ ಸತ್ತು ಮೂರು ತಿಂಗಳಾಗಿತ್ತು.

ನೆನಪು ಯಾಕೆ ಹಾಗೆ ತಿರುಚಿಕೊಂಡಿತು ಎಂದು ಬಹಳ ಯೋಚಿಸಿದ್ದೇನೆ. ವಿಜ್ಞಾನ ಒಂದು ಸೂಚನೆ ಕೊಟ್ಟಿತ್ತು, ಅದನ್ನು ದೊಡ್ಡವರು ತಳ್ಳಿಹಾಕಿದರು, ನಾನು ಸುಮ್ಮನಾದೆ ಎಂದರೆ ತಪ್ಪು ನಾಲ್ಕು ಜನರಲ್ಲಿ ಹಂಚಿಹೋಗುತ್ತದೆ. ನಿಜ ಅದಕ್ಕಿಂತ ಸಣ್ಣದು. ನನಗೆ ಯಾವ ಫಿಲ್ಮೂ ಬೇಕಿರಲಿಲ್ಲ. ಸರ್ಜನ್ ಕಿಟಕಿಯ ಹತ್ತಿರ ಹೇಳಿದ್ದರು. ನಾನೇ ಕತ್ತಿನ ಗಂಟು ಮುಟ್ಟಿ ನೋಡಿದ್ದೆ.

ಆಮೇಲಿನ ವರ್ಷಗಳಲ್ಲಿ ಆ 'ಯಾರೂ ಓದದ ನಕಲು'ಗಳ ಬಗ್ಗೆ ತಿಳಿವಳಿಕೆ ಪೂರ್ತಿ ಬದಲಾಯಿತು. ಕೆಲವು ಚಿಕ್ಕ ಆರ್‌ಎನ್‌ಎಗಳು ಬೇರೆ ಆರ್‌ಎನ್‌ಎಗಳ ಬಾಯಿ ಮುಚ್ಚಿಸುತ್ತವೆ. ಕೆಲವು ಉದ್ದನೆಯವು ಜೀನುಗಳನ್ನು ತೆರೆಯುತ್ತವೆ, ಮುಚ್ಚುತ್ತವೆ. ಹೊಟ್ಟೆಯ ಕ್ಯಾನ್ಸರಿನಲ್ಲಿ ಗೆಡ್ಡೆಯ ಕೋಶ ತನ್ನ ಜಾಗ ಬಿಟ್ಟು ಹೊರಡಲು ಕೆಲವು ನೆರವಾಗುತ್ತವೆ, ಕೆಲವು ತಡೆಯುತ್ತವೆ. ಅವುಗಳಲ್ಲಿ ಎಚ್19ರ ಹೆಸರೂ ಬಂತು. ಓದಿದಾಗ ಹೆಮ್ಮೆ ಪಡಲು ನನಗೇನೂ ಇರಲಿಲ್ಲ. ಒಂದು ಫಿಲ್ಮಿನಿಂದ ನಾವು ಏನನ್ನೂ ಸಾಬೀತು ಮಾಡಿರಲಿಲ್ಲ. ಮಾಡಿದ್ದರೂ ಆ ಕಾಲದಲ್ಲಿ ಚಿಕ್ಕವ್ವನಿಗೆ ಕೊಡುವಂಥ ಔಷಧಿಯೂ ಇರಲಿಲ್ಲ. ಅವಳು ಬದುಕುತ್ತಿರಲಿಲ್ಲ. ಆದರೆ ಕ್ಯಾತನಹಳ್ಳಿಯಿಂದ ನಾಗಮಂಗಲಕ್ಕೆ ಒಂದೂವರೆ ಗಂಟೆಯ ದಾರಿ. ಮೇ ತಿಂಗಳಲ್ಲಿ ಅವಳು ಬಸ್ಸು ಹತ್ತಬಲ್ಲವಳಾಗಿದ್ದಳು.

ಈ ಕೆಲಸ ನನಗೆ ಕಲಿಸಿದ ಪಾಠ ಎರಡು ಮಾತಿನದು. ಏನು ಮಾಡುತ್ತದೆಂದು ನಮಗೆ ಗೊತ್ತಿಲ್ಲದ್ದನ್ನು ಏನೂ ಮಾಡುತ್ತಿಲ್ಲ ಎಂದು ಬರೆದಿಡಬಾರದು. ಕಾಯಿಲೆ ಯಾರದ್ದೋ, ಎಷ್ಟು ತಿಳಿಯಬೇಕೆಂದು ಮೊದಲು ಅವರನ್ನೇ ಕೇಳಬೇಕು. 1997ರಿಂದ ನಿವೃತ್ತಿಯವರೆಗೆ ನಾನು ತುಂಬಿದ ಕಾರ್ಡುಗಳಲ್ಲಿ ಕೊನೆಯ ಕಾಲಂ ಹೊಡೆದುಹಾಕಿ, 'ಎಷ್ಟು ತಿಳಿಯಬೇಕೆಂದು ರೋಗಿಯನ್ನು ಕೇಳಲಾಗಿದೆಯೇ?' ಎಂದು ಕೈಯಲ್ಲೇ ಬರೆದುಕೊಳ್ಳುತ್ತಿದ್ದೆ. ಬೇಡ ಎಂದವರು ಬಹಳ ಜನ. ಅವರಿಗೆ ಹೇಳಲಿಲ್ಲ. ಕೇಳುವುದನ್ನು ಮಾತ್ರ ಯಾರಿಗೂ ತಪ್ಪಿಸಲಿಲ್ಲ.

ಅವ್ವನಿಗೆ ಈಗ ಎಂಬತ್ತಾರು. ಶ್ರೀರಂಗಪಟ್ಟಣದಲ್ಲಿ ನನ್ನ ಜೊತೆಯಲ್ಲೇ ಇದ್ದಾಳೆ. ಆರೋಗ್ಯವಾಗಿದ್ದಾಳೆ, ಕಿವಿ ಚುರುಕಾಗಿದೆ, ಟಿ.ವಿ. ಧಾರಾವಾಹಿಯ ಅತ್ತೆಗೆ ಬೈಯುತ್ತಾಳೆ. ನನ್ನ ಮೇಲೆ ಆವತ್ತೂ ಕೂಗಾಡಲಿಲ್ಲ, ಆಮೇಲೂ ಇಲ್ಲ. ತಂಗಿಯ ಮಾತನ್ನು ಮಾತ್ರ ನನ್ನ ಎದುರು ಎತ್ತುವುದಿಲ್ಲ. ಚಿಕ್ಕಪ್ಪ ಬದುಕಿರುವವರೆಗೂ ವರ್ಷಕ್ಕೊಮ್ಮೆ ಒಬ್ಬಳೇ ಕ್ಯಾತನಹಳ್ಳಿಗೆ ಹೋಗಿ ಬರುತ್ತಿದ್ದಳು, ನನ್ನನ್ನು ಕರೆಯುತ್ತಿರಲಿಲ್ಲ.

ಡೈರಿಗಳನ್ನು ಓದಿ ಮುಗಿಸಿದ ಬೆಳಿಗ್ಗೆ, ಹೋದ ತಿಂಗಳು, ಅವ್ವ ಕಾಫಿ ಕುಡಿಯುತ್ತಿದ್ದಾಗ ಹತ್ತಿರ ಹೋಗಿ ಕೂತೆ. ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ. ಅವಳು ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಕೇಳಿಸಿದೆ ಎಂಬುದರಲ್ಲಿ ಅನುಮಾನವಿಲ್ಲ. ಇಂದಿಗೂ ಉತ್ತರ ಹೇಳಿಲ್ಲ. ನಾನು ಕೇಳಿದ್ದು ಇಷ್ಟು:

"ಅವ್ವ, ಆ ಭಾನುವಾರ ಹುರುಳಿ ಆರಿಸ್ತಾ ಕೂತಿದ್ದಾಗ ನಾನು ನಿಜ ಹೇಳಿದ್ದಿದ್ರೆ, ನೀನು ಹೋಗ್ತಿದ್ದೆಯಾ?"